ಕಡಲಿಗೆ ಅಂಜದ ಆರತಿ

ಇಂಗ್ಲೆಂಡಿನ ದಡಕ್ಕೆ ಇನ್ನು ಕೆಲವೇ ಮೈಲಿ. ಅಷ್ಟರಲ್ಲಿ ಎದುರಿನ ಸೆಳೆತ ಬಲವಾಯಿತು. ಗಂಟೆಗಟ್ಟಲೆ ಕೈಬಡಿದರೂ ದಡ ಹತ್ತಿರವಾಗಲೊಲ್ಲದು. ಕೊನೆಗೆ ಬೆಂಗಾವಲು ದೋಣಿಯವರ ಒತ್ತಾಯಕ್ಕೆ ಮಣಿದು ಹುಡುಗಿ ನೀರಿನಿಂದ ಮೇಲೆ ಬರಬೇಕಾಯಿತು. ಅದು 1959ರ ಆಗಸ್ಟ್ 27. ಆ ಹುಡುಗಿ ಕಲ್ಕತ್ತೆಯ ಆರತಿ ಸಹಾ.

ಆರತಿಗೆ ನೀರು ಹೊಸದಲ್ಲ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ಆಕೆ, ಚಿಕ್ಕಪ್ಪನೊಂದಿಗೆ ಸ್ನಾನಘಟ್ಟಕ್ಕೆ ಹೋಗುತ್ತಲೇ ಈಜು ಕಲಿತಳು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದಾಗ ಆಕೆಗಿನ್ನೂ ಹನ್ನೆರಡು ತುಂಬಿರಲಿಲ್ಲ.

ಆದರೆ ಕೊಳವೇ ಬೇರೆ, ಕಡಲೇ ಬೇರೆ. ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆ ತೀರ ಕಿರಿದಾದ ಕಡೆಯಲ್ಲೂ ಸುಮಾರು 21 ಮೈಲಿ ಅಗಲ. ಬೇಸಿಗೆಯಲ್ಲೂ ಮೈಕೊರೆಯುವ ನೀರು. ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುವ ಸೆಳೆತ. ದಣಿವಾಯಿತೆಂದು ಜೊತೆಯ ದೋಣಿಯನ್ನು ಹಿಡಿದರೆ ಯತ್ನವೇ ವ್ಯರ್ಥ. ಇಂಥ ನೀರಿಗೆ ಅಂಜದವರು ಯಾರು?

ಈ ಅಂಜಿಕೆಗೆ ದೇಹವೂ ಕಾರಣ. ತಣ್ಣೀರು ಸೋಕಿದೊಡನೆ ಏದುಸಿರು ಬರುತ್ತದೆ, ಎದೆಬಡಿತ ಏರುತ್ತದೆ. ಗಾಬರಿಗೊಂಡು ಕೈಕಾಲು ಬಡಿದರೆ ಅಪಾಯ. ಒಂದೆರಡು ನಿಮಿಷ ತಾಳಿ ಉಸಿರನ್ನು ಹದಕ್ಕೆ ತಂದುಕೊಂಡರೆ ದೇಹ ತಾನೇ ಹೊಂದಿಕೊಳ್ಳುತ್ತದೆ. ಇದು ಸಾಧನೆಯಿಂದಷ್ಟೇ ಬರುವ ವಿದ್ಯೆ. ವಿದೇಶಕ್ಕೆ ಹೊರಡುವ ಮೊದಲು ಆರತಿ ಕಲ್ಕತ್ತೆಯ ದೇಶಬಂಧು ಪಾರ್ಕಿನ ಕೊಳದಲ್ಲಿ ಒಂದೇ ಸಮನೆ ಎಂಟು ಗಂಟೆ ಈಜಿದ್ದಳು. ಮುಂದೆ ಅದನ್ನು 16 ಗಂಟೆಗೆ ಏರಿಸಿಕೊಂಡಳು.

ಸೋತ ಹುಡುಗಿ ಊರಿಗೆ ಮರಳಲಿಲ್ಲ. ಹತ್ತೊಂಬತ್ತು ತುಂಬಿ ಐದೇ ದಿನಕ್ಕೆ, ಸೆಪ್ಟೆಂಬರ್ 29ರಂದು, ಫ್ರಾನ್ಸ್‌ನ ಗ್ರಿ ನೇ ಭೂಶಿರದಿಂದ ಮತ್ತೆ ಅದೇ ನೀರಿಗೆ ಇಳಿದಳು. 16 ಗಂಟೆ 20 ನಿಮಿಷ ಸೆಣಸಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ತಲುಪಿದಳು. ಈ ಕಾಲುವೆಯನ್ನು ಈಜಿದ ಏಷ್ಯಾದ ಮೊದಲ ಮಹಿಳೆ ಆಕೆ. 1960ರಲ್ಲಿ ಪದ್ಮಶ್ರೀ ಅರಸಿ ಬಂತು.

ಹಾಗೆಂದು ಕಡಲು ಕಂಡೊಡನೆ ಧುಮುಕುವುದು ಧೈರ್ಯವಲ್ಲ, ಹುಂಬತನ. ಆರತಿಯ ಬೆನ್ನಿಗೆ ತರಬೇತಿ ಇತ್ತು, ಪಕ್ಕದಲ್ಲಿ ದೋಣಿ ಇತ್ತು. ಪ್ರವಾಸಕ್ಕೆ ಹೋದ ಮಕ್ಕಳು ಕಾವಲುಗಾರರಿಲ್ಲದ ಕಡೆ ನೀರಿಗಿಳಿಯಬಾರದು. ಸೆಳೆತಕ್ಕೆ ಸಿಕ್ಕರೆ ಅದಕ್ಕೆದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಪಾರಾಗಬೇಕು.

ಪರೀಕ್ಷೆಯಲ್ಲಿ ಒಮ್ಮೆ ಎಡವಿದ ಮಗುವನ್ನು ಹಂಗಿಸುವ ಮುನ್ನ ತಂದೆತಾಯಿ ನೆನೆಯಬೇಕಾದದ್ದು ಆಗಸ್ಟ್ 27ರ ಆರತಿಯನ್ನು. ಆಕೆಗೆ ಬೇಕಾಗಿದ್ದುದು ಇನ್ನೊಂದು ಅವಕಾಶ, ಅಷ್ಟೆ.