ಆಮೆ ತಿರುಗಬೇಕಾದ ಕೋನ

ಕೋಡಿಂಗ್ ಎಂದರೆ ಕಂಪ್ಯೂಟರ್ ಪಾಲಿಸಬಲ್ಲ ಆದೇಶಗಳನ್ನು, ಎರಡರ್ಥಕ್ಕೆ ಎಡೆಯಿಲ್ಲದಂತೆ, ಒಂದರ ಹಿಂದೊಂದು ಬರೆದಿಡುವ ಕೆಲಸ; ಹಾಗೆ ಬರೆದಿಟ್ಟ ಆದೇಶಗಳ ಸರಣಿಯೇ ಪ್ರೋಗ್ರಾಂ. ಶಾಲೆಗಳಿಗೆ ಕಂಪ್ಯೂಟರ್ ಕನಸಿನಲ್ಲೂ ಎಟುಕದಿದ್ದ 1967ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ನಗರದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್‌ಝೈಗ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ‘ಲೋಗೊ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞ ಪ್ಯಾಪರ್ಟ್, ಜಿನೀವಾದಲ್ಲಿ ಮಕ್ಕಳ ಮನೋವಿಜ್ಞಾನಿ ಜೀನ್ ಪಿಯಾಜೆ ಅವರೊಡನೆ ಕೆಲಸ ಮಾಡಿ ಬಂದವರು; ಮಗು ಏನನ್ನಾದರೂ ಕೈಯಾರೆ ಕಟ್ಟುತ್ತ ಹೋದಂತೆ ಅದರ ತಿಳಿವಳಿಕೆಯೂ ಕಟ್ಟಿಕೊಳ್ಳುತ್ತದೆ ಎಂಬುದು ಅವರ ದೃಢ ನಿಲುವಾಗಿತ್ತು.

ಕೆಲವೇ ವರ್ಷಗಳಲ್ಲಿ ಲೋಗೊಗೆ ಆಮೆಯೊಂದು ಸೇರಿಕೊಂಡಿತು. ಮೊದಲು ನೆಲದ ಮೇಲೆ ಹರಿದಾಡುವ ಯಂತ್ರವಾಗಿ, ಬಳಿಕ ಪರದೆಯ ಮೇಲಿನ ಚಿಹ್ನೆಯಾಗಿ, ಅದು ಹೋದಲ್ಲೆಲ್ಲ ಗೆರೆ ಎಳೆಯುತ್ತಿತ್ತು. ನೂರು ಹೆಜ್ಜೆ ಮುಂದಕ್ಕೆ ನಡೆದು 90 ಡಿಗ್ರಿ ಬಲಕ್ಕೆ ತಿರುಗು ಎಂಬ ಆದೇಶವನ್ನು ನಾಲ್ಕು ಸಲ ಕೊಟ್ಟರೆ ಚೌಕ ಮೂಡುತ್ತದೆ. ಆದರೆ ಸಮಬಾಹು ತ್ರಿಭುಜ ಬರೆಸಹೊರಟ ಮಗು, ಅದರ ಪ್ರತಿ ಕೋನವೂ 60 ಡಿಗ್ರಿ ಎಂದು ಪಾಠದಲ್ಲಿ ಓದಿದ್ದರಿಂದ, ಆಮೆಗೂ 60 ಡಿಗ್ರಿ ತಿರುಗಲು ಹೇಳಿದರೆ ಮೂರು ಗೆರೆಗಳು ಒಂದನ್ನೊಂದು ಕೂಡದೆ ಬಾಯಿ ತೆರೆದುಕೊಂಡೇ ನಿಲ್ಲುತ್ತವೆ. ತಪ್ಪೆಲ್ಲಿ ಎಂದು ತಿಳಿಯಲು ಮಗು ತಾನೇ ಎದ್ದು ಆಮೆಯಂತೆ ನಡೆದು ನೋಡಿದಾಗ, ಮೂಲೆಯಲ್ಲಿ ತಾನು ತಿರುಗುವುದು ಒಳಕೋನದಷ್ಟಲ್ಲ, ಹೊರಕೋನದಷ್ಟು, ಅಂದರೆ 120 ಡಿಗ್ರಿ, ಎಂಬುದು ಕಾಲಿಗೇ ಗೊತ್ತಾಗುತ್ತದೆ. ತಪ್ಪಾದ ಆ 60 ಡಿಗ್ರಿಯೂ ವ್ಯರ್ಥವಲ್ಲ. ಅದೇ ಆದೇಶವನ್ನು ಆರು ಸಲ ಕೊಟ್ಟರೆ ಚೆಂದದ ಷಡ್ಭುಜವೇ ಸಿದ್ಧವಾಗುತ್ತದೆ. ಹೀಗೆ ದೋಷವನ್ನು ಹುಡುಕಿ ತಿದ್ದುವುದಕ್ಕೆ ‘ಡೀಬಗ್ಗಿಂಗ್’ ಎನ್ನುತ್ತಾರೆ. ಉತ್ತರ ತಪ್ಪಾದೊಡನೆ ಕೆಂಪು ಶಾಯಿ ಬೀಳುವ ನಮ್ಮ ತರಗತಿಗಳಿಗೆ ಕೋಡಿಂಗ್ ತರಬಹುದಾದ ಅತಿ ದೊಡ್ಡ ಲಾಭ ಇದೇ ಇರಬೇಕು.

ಲೋಗೊದಲ್ಲಿ ಆದೇಶಗಳನ್ನು ಅಕ್ಷರ ತಪ್ಪದೆ ಕೀಲಿಮಣೆಯಲ್ಲಿ ಒತ್ತಬೇಕಿತ್ತು. ಆ ತೊಡಕನ್ನು ಕಳೆದದ್ದು, ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಬಿಡುಗಡೆ ಮಾಡಿದ ‘ಸ್ಕ್ರ್ಯಾಚ್’. ಇದರಲ್ಲಿ ಒಂದೊಂದು ಆದೇಶವೂ ಬಣ್ಣದ ತುಂಡಾಗಿದ್ದು, ಮಕ್ಕಳು ಅವನ್ನು ಎಳೆದು ಒಂದಕ್ಕೊಂದು ಕೂಡಿಸುತ್ತಾರೆ, ಕೂಡಬಾರದವು ಕೂಡುವುದೇ ಇಲ್ಲ. ಮುಖ್ಯವಾಗಿ 8ರಿಂದ 16 ವರ್ಷದವರಿಗೆಂದು ರೂಪಿಸಿದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಹಾಗಿರುವಾಗ, ಆರು ವರ್ಷದ ಮಗುವನ್ನು ನಾಳೆಯೇ ಆ್ಯಪ್ ತಯಾರಕನನ್ನಾಗಿಸುವ ಭರವಸೆಯೊಡನೆ ದುಬಾರಿ ಶುಲ್ಕ ಕೇಳುವ ಜಾಹೀರಾತುಗಳಿಗೆ ಪಾಲಕರು ಮರುಳಾಗಬೇಕಾದ ಕಾರಣವಿಲ್ಲ.

ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳನ್ನು ಅಳವಡಿಸಬೇಕೆನ್ನುತ್ತದೆ. ಕಂಪ್ಯೂಟರ್ ಇಲ್ಲದ ಅಥವಾ ಇದ್ದೂ ಕರೆಂಟಿಲ್ಲದ ಶಾಲೆ ಏನು ಮಾಡಬೇಕೆಂಬ ಪ್ರಶ್ನೆಗೆ, ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಹಲೇಖಕರು 1990ರ ದಶಕದಿಂದ ಬೆಳೆಸಿದ, ಯಂತ್ರವಿಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ವಿಧಾನದಲ್ಲಿ ಉತ್ತರವಿದೆ. ಐದು ರಟ್ಟಿನ ತುಂಡುಗಳ ಮೇಲೆ ಕ್ರಮವಾಗಿ 16, 8, 4, 2, 1 ಚುಕ್ಕೆಗಳನ್ನಿಟ್ಟು ಐವರು ಮಕ್ಕಳ ಕೈಗೆ ಕೊಟ್ಟು, 13 ತೋರಿಸಿ ಎಂದರೆ, 8, 4 ಮತ್ತು 1ರ ರಟ್ಟುಗಳು ಮುಖ ತೋರಿ ಉಳಿದೆರಡು ಮಗುಚಿಕೊಳ್ಳುತ್ತವೆ. ಕಂಡದ್ದನ್ನು 1 ಎಂದೂ ಮಗುಚಿದ್ದನ್ನು 0 ಎಂದೂ ಬರೆದರೆ 01101, ಅದೇ ಕಂಪ್ಯೂಟರ್ ಬಳಸುವ ದ್ವಿಮಾನ ಸಂಖ್ಯೆ. ಆಮೆಯ ಪಾಠಕ್ಕಂತೂ ಶಾಲೆಯ ಅಂಗಳ, ಒಂದು ಸೀಮೆಸುಣ್ಣ ಮತ್ತು ಆಮೆಯಾಗಲು ಒಪ್ಪುವ ಒಬ್ಬ ವಿದ್ಯಾರ್ಥಿ ಇದ್ದರೆ ಸಾಕು.