ಗಿರಾಕಿಗೆ ಬರೆದ ಇ-ಪತ್ರ ಸ್ಪ್ಯಾಮಿಗೆ ಬೀಳಬಾರದೆಂದರೆ

ಬಿಳಿಜೋಳ, ಕಡಲೆ, ಕುಸುಬಿ ಎಣ್ಣೆ, ಬೆಲ್ಲ, ಅರಿಷಿಣ, ಒಣದ್ರಾಕ್ಷಿ. ಇವನ್ನು ಅಡತಿಗೆ ಹಾಕದೆ ನೇರ ಗಿರಾಕಿಯ ಮನೆಗೆ ಕಳಿಸುವ ರೈತರು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಈಗ ಅಲ್ಲಲ್ಲಿ ಇದ್ದಾರೆ. ಗಿರಾಕಿಗಳು ಇರೋದು ಬೆಳಗಾವಿ, ಕೊಲ್ಲಾಪುರ, ಪುಣೆ, ಬೆಂಗಳೂರಿನಲ್ಲಿ. ಮಾಲು ಬಂತು ಎಂದು ಅವರಿಗೆ ತಿಳಿಸಬೇಕಲ್ಲ? ಫೋನು ಹಚ್ಚುತ್ತ ಕುಂತರೆ ದಿನ ಸಾಲೂದಿಲ್ಲ. ಅದಕ್ಕೆ ಹಲವರು ಇ-ಮೇಲ್ ಹಿಡಿದಿದ್ದಾರೆ. ಒಂದು ಪತ್ರ ಬರೆದರೆ ನೂರಾರು ಜನಕ್ಕೆ ಒಂದೇ ಸಲ ಹೋಗುತ್ತದೆ.

ತೊಂದರೆ ಇಲ್ಲೇ ಶುರು. ಪತ್ರ ಹೋಯಿತು ಎಂದು ನಮ್ಮ ಕಡೆ ತೋರಿಸುತ್ತದೆ. ಆದರೆ ಗಿರಾಕಿ ನೋಡುವ ಪೆಟ್ಟಿಗೆಗೆ ಅದು ಬರುವುದಿಲ್ಲ. 'ಸ್ಪ್ಯಾಮ್' ಎಂಬ ಕಸದ ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ತೆಗೆದು ನೋಡುವವರು ಕಡಿಮೆ. ಜಿಮೇಲಿನಲ್ಲಾದರೆ ಅಲ್ಲಿ ಬಿದ್ದದ್ದು 30 ದಿನಕ್ಕೆ ತಾನೇ ಅಳಿಸಿಹೋಗುತ್ತದೆ.

ನಾನು ಅಥಣಿ ತಾಲೂಕಿನ ಒಣಬೇಸಾಯದವನು. ಕಲಿತದ್ದು ಏಳನೇ ಇಯತ್ತೆ. ನಮ್ಮ ಹನ್ನೊಂದು ಮಂದಿಯ ಗುಂಪಿನ ಪತ್ರಗಳನ್ನು ಗಣಕಯಂತ್ರದಲ್ಲಿ ಕಳಿಸುವಾಕಿ ನನ್ನ ತಮ್ಮನ ಮಗಳು. ಏನು ಬರೆಯಬೇಕು, ಯಾರಿಗೆ ಕಳಿಸಬೇಕು ಎಂಬುದು ನನ್ನ ಕೆಲಸ. ಅಕ್ಕಪಕ್ಕದ ಊರಿನವರು ಬಂದು ಕೇಳುತ್ತಿರುವುದರಿಂದ ಆಕೆಯಿಂದ ತಿಳಿದುಕೊಂಡದ್ದನ್ನೂ ನಾವು ಮಾಡುತ್ತಿರುವುದನ್ನೂ ಇಲ್ಲಿ ಬರೆದೇನಿ.

ಒಂದು ಪತ್ರಕ್ಕೆ ಇಷ್ಟು ತಲೆ ಯಾಕೆ?

ನಮ್ಮದು ಹಿಂಗಾರಿ ಜೋಳ. ಫೆಬ್ರವರಿ-ಮಾರ್ಚಿಗೆ ರಾಶಿ. ಅದೇ ಹೊತ್ತಿಗೆ ಸೊಸೈಟಿ ಸಾಲ ತುಂಬಬೇಕು. ಮಾಲು ಇಟ್ಟುಕೊಂಡು ಕೂಡ್ರಲು ಆಗೂದಿಲ್ಲ. ಪತ್ರ ಮುಟ್ಟಿದರೆ ಹದಿನೈದು ದಿನದಲ್ಲಿ ಆರ್ಡರು ಬರುತ್ತವೆ. ಮುಟ್ಟದಿದ್ದರೆ ಅದೇ ಚೀಲಗಳು ಗಾಡಿ ಏರಿ ಅಡತಿ ಅಂಗಡಿಗೆ ಹೋಗಿ, ಆ ದಿನ ಅವರು ಕೂಗಿದ ದರಕ್ಕೆ ಬೀಳುತ್ತವೆ.

ದರ ಕೂಗುವವರ ಕೈಯಲ್ಲಿ ರೈತ ಸಿಕ್ಕರೆ ಏನಾಗುತ್ತದೆಂದು ನಮ್ಮ ಸೀಮೆಗೆ ಗೊತ್ತಿದೆ. 1981ರಲ್ಲಿ ನಿಪ್ಪಾಣಿ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಂತು ನ್ಯಾಯದ ಬೆಲೆ ಕೇಳಿದರು. ಏಪ್ರಿಲಿನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಗಿರಾಕಿಯ ವಿಳಾಸ ನಮ್ಮ ವಹಿಯಲ್ಲಿ ಇರುವುದು ಸಣ್ಣ ಮಾತಲ್ಲ. ಆದರೆ ಆ ವಿಳಾಸಕ್ಕೆ ಬರೆದದ್ದು ಮುಟ್ಟಿದರಷ್ಟೇ ಅದರ ಉಪಯೋಗ.

ಕಸದ ಪೆಟ್ಟಿಗೆ ಬಂದದ್ದು ಹೇಗೆ?

1978ರ ಮೇ 3ರಂದು ಅಮೆರಿಕದ ಡಿಇಸಿ ಎಂಬ ಗಣಕಯಂತ್ರದ ಕಂಪನಿಯ ಗ್ಯಾರಿ ಥುರ್ಕ್ ಎಂಬವರು ತಮ್ಮ ಯಂತ್ರದ ಜಾಹೀರಾತನ್ನು ಸುಮಾರು 400 ಜನಕ್ಕೆ ಒಮ್ಮೆಲೇ ಕಳಿಸಿದರು. ಯಾರೂ ಕೇಳಿರಲಿಲ್ಲ. ಮೊದಲ ಸ್ಪ್ಯಾಮ್ ಪತ್ರ ಅದೇ ಎನ್ನುತ್ತಾರೆ. ಇವತ್ತು ಲಾಟರಿ, ಸುಳ್ಳು ಸಾಲ, ಬ್ಯಾಂಕಿನ ಹೆಸರಿನ ಮೋಸ ಎಲ್ಲ ಇದೇ ದಾರಿಯಲ್ಲಿ ಬರುತ್ತವೆ. ಅದಕ್ಕೇ ಜಿಮೇಲ್, ಯಾಹೂ, ಔಟ್‌ಲುಕ್‌ನವರು ಬಾಗಿಲಲ್ಲಿ ಜರಡಿ ಇಟ್ಟಿದ್ದಾರೆ. ಆ ಜರಡಿಗೆ ನಮ್ಮ ಜೋಳ ಯಾವುದು, ಕಳ್ಳರ ಜೊಳ್ಳು ಯಾವುದು ಎಂದು ನಾವೇ ತೋರಿಸಿಕೊಡಬೇಕು.

ಜರಡಿ ಮುಖ್ಯವಾಗಿ ಎರಡು ವಿಷಯ ನೋಡುತ್ತದೆ. ಒಂದು, ಪತ್ರ ನಿಜಕ್ಕೂ ಆ ಹೆಸರಿನವರೇ ಕಳಿಸಿದ್ದೋ? ಎರಡು, ಇವರ ಹಿಂದಿನ ಪತ್ರಗಳನ್ನು ಜನ ಹೇಗೆ ನಡೆಸಿಕೊಂಡರು? ತೆರೆದು ಓದಿದರೋ, ಓದದೆ ಅಳಿಸಿದರೋ, 'ಸ್ಪ್ಯಾಮ್' ಎಂದು ಗುಂಡಿ ಒತ್ತಿದರೋ? ಒಳಗಿನ ಬರಹವನ್ನೂ ನೋಡುತ್ತದೆ. ಆದರೆ ಮೊದಲಿನ ಎರಡು ಕೆಟ್ಟಿದ್ದರೆ ಬರಹ ಎಷ್ಟು ಚೆಂದ ಇದ್ದರೂ ನಡೆಯೂದಿಲ್ಲ.

ಸ್ವಂತ ಹೆಸರು, ಮೂರು ದಾಖಲೆ

ಮನೆಯ ನಾಲ್ಕು ಜನಕ್ಕೆ ಬರೆಯಲು ಜಿಮೇಲ್ ವಿಳಾಸ ಸಾಕು. ಮಾರಾಟದ ಪತ್ರಕ್ಕೆ ಸಾಲದು. ಬಿಟ್ಟಿ ಜಿಮೇಲಿನಲ್ಲಿ ದಿನಕ್ಕೆ 500 ಜನಕ್ಕಿಂತ ಹೆಚ್ಚಿಗೆ ಕಳಿಸಲು ಬಿಡುವುದಿಲ್ಲ. ಇನ್ನೊಂದು ಕಂಪನಿಯ ಮೂಲಕ ಕಳಿಸುತ್ತ, 'ಇಂದ' ಎಂಬಲ್ಲಿ ಜಿಮೇಲ್ ವಿಳಾಸ ಹಾಕಿದರೆ ಪತ್ರ ಸ್ಪ್ಯಾಮಿಗೆ ಹೋಗುವ ಸಂಭವವೇ ಹೆಚ್ಚು. ಅದು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬರೆದಂತೆ ಕಾಣುತ್ತದೆ.

ಆದ್ದರಿಂದ ಗುಂಪಿಗೆ ಸ್ವಂತ ಹೆಸರು, ಅಂದರೆ ಡೊಮೇನ್ ಕೊಳ್ಳಬೇಕು. 'ಡಾಟ್ ಇನ್' ಹೆಸರು ವರ್ಷಕ್ಕೆ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಆಮೇಲೆ ಆ ಹೆಸರಿನ ದಾಖಲೆಯಲ್ಲಿ ಮೂರು ನೋಂದು ಮಾಡಿಸಬೇಕು. ಹೊಲಕ್ಕೆ ಉತಾರ ಇದ್ದಂತೆ ಇದು. ಯಾರು ಬೇಕಾದರೂ ತೆಗೆದು ನೋಡಬಹುದು, ಮಾಲಕ ಮಾತ್ರ ಬದಲಿಸಬಹುದು.

ಎಸ್‌ಪಿಎಫ್: ನಮ್ಮ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಯಾವ ಗಣಕಕ್ಕೆ ಹಕ್ಕಿದೆ ಎಂಬ ಯಾದಿ. ಎರಡು ಕಂಪನಿ ಮೂಲಕ ಕಳಿಸುತ್ತಿದ್ದರೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಎಸ್‌ಪಿಎಫ್ ಸಾಲು ಎರಡಾದರೆ ಎರಡೂ ಕೆಲಸಕ್ಕೆ ಬಾರವು.

ಡಿಕಿಮ್: ಪ್ರತಿ ಪತ್ರದ ಮೇಲೂ ಬೀಳುವ ಶಿಕ್ಕಾ. ನಡುದಾರಿಯಲ್ಲಿ ಯಾರಾದರೂ ಬರಹ ತಿದ್ದಿದರೆ ಶಿಕ್ಕಾ ತಾಳೆಯಾಗುವುದಿಲ್ಲ.

ಡಿಮಾರ್ಕ್: ಮೇಲಿನವು ತಾಳೆಯಾಗದಿದ್ದರೆ ಏನು ಮಾಡಬೇಕು ಎಂದು ನಾವು ಕೊಡುವ ಸೂಚನೆ. 'ಸುಮ್ಮನೆ ಬಿಡು, ನನಗೆ ವರದಿ ಕೊಡು' ಎನ್ನಬಹುದು, 'ಸ್ಪ್ಯಾಮಿಗೆ ಹಾಕು' ಎನ್ನಬಹುದು, 'ಒಳಗೇ ಬಿಡಬೇಡ' ಎನ್ನಬಹುದು. ಮೊದಲಿಗೆ ಒಂದನೆಯದು ಸಾಕು. ಎಲ್ಲ ಸರಿ ಕಂಡ ಮೇಲೆ ಬಿಗಿ ಮಾಡಬಹುದು.

ಹೆಸರು ಕೇಳಿ ಹೆದರಬೇಕಿಲ್ಲ. ಪತ್ರ ಕಳಿಸುವ ಕಂಪನಿಯವರೇ ಆ ಸಾಲುಗಳನ್ನು ಬರೆದು ಕೊಡುತ್ತಾರೆ. ಹೆಸರು ಕೊಂಡಲ್ಲಿ ಅವನ್ನು ಅಂಟಿಸುವುದಷ್ಟೇ. ಗಣಕ ಬಲ್ಲ ಹುಡುಗರಿಗೆ ಅರ್ಧ ದಿನದ ಕೆಲಸ.

ಸರಿಯಾಯಿತೇ ಎಂದು ನೋಡಲು ನಮ್ಮದೇ ಒಂದು ಜಿಮೇಲಿಗೆ ಪತ್ರ ಕಳಿಸಬೇಕು. ಗಣಕಯಂತ್ರದಲ್ಲಿ ಅದನ್ನು ತೆರೆದು, ಬಲಕ್ಕಿರುವ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಎಂಬುದನ್ನು ತೆಗೆದರೆ ಮೂರರ ಮುಂದೂ 'ಪಾಸ್' ಎಂದಿರಬೇಕು. ಒಂದರ ಮುಂದೆ 'ಫೇಲ್' ಇದ್ದರೂ ಅದನ್ನು ಸರಿಮಾಡಿಸುವ ತನಕ ಊರಿಗೆಲ್ಲ ಪತ್ರ ಹಂಚಬಾರದು.

ಸಾವಿರಕ್ಕೆ ಮೂರು

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಬಿಗಿಯಾದ ನಿಯಮ ತಂದಿವೆ. ಜಿಮೇಲಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಈ ಮೂರು ದಾಖಲೆ ಕಡ್ಡಾಯ. ಔಟ್‌ಲುಕ್‌ನವರೂ 2025ರ ಮೇ ತಿಂಗಳಿಂದ ಅದೇ ದಾರಿ ಹಿಡಿದರು. ನಮ್ಮಂಥ ಸಣ್ಣವರು 5000ದ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು ಎನ್ನುತ್ತಾರೆ. ಆದರೆ ಮೂರೂ ಮಾಡಿಟ್ಟುಕೊಳ್ಳುವುದೇ ಚಲೋ.

ಅದೇ ನಿಯಮದಲ್ಲಿ ಇನ್ನೊಂದು ಅಂಕಿ ಇದೆ. 'ಇದು ಸ್ಪ್ಯಾಮ್' ಎಂದು ಒತ್ತುವವರು 0.3 ಶೇಕಡಾ ಮುಟ್ಟಬಾರದು, 0.1ರ ಒಳಗೆ ಇದ್ದರೆ ಒಳ್ಳೆಯದು. ಅಂದರೆ ಸಾವಿರ ಪತ್ರಕ್ಕೆ ಮೂರು ಜನ ಒತ್ತಿದರೂ ನಮ್ಮ ಹೆಸರು ಕೆಟ್ಟಿತು. 400 ಗಿರಾಕಿ ಇದ್ದವರಿಗೆ ಇಬ್ಬರು ಒತ್ತಿದರೆ ಆ ಗೆರೆ ದಾಟಿತು. ಹೆಸರು ಒಮ್ಮೆ ಕೆಟ್ಟರೆ ಓದಲು ಕಾದು ಕುಂತವರಿಗೂ ಪತ್ರ ಮುಟ್ಟೂದಿಲ್ಲ. ದಾಖಲೆ ಮಾಡಿಸುವುದು ಒಂದು ಸಲದ ಕೆಲಸ. ಈ ಸಾವಿರಕ್ಕೆ ಮೂರನ್ನು ಕಾಯುವುದು ವರ್ಷಪೂರ್ತಿ ಕೆಲಸ.

ಕೇಳಿದವರಿಗಷ್ಟೇ

ಸಿಟ್ಟಾಗಿ ಗುಂಡಿ ಒತ್ತುವವರು ಹೆಚ್ಚಾಗಿ ಪತ್ರ ಕೇಳದೇ ಇದ್ದವರು. ಪುಣೆಯ ಸಾವಿರಾರು ಜನರ ಇ-ಮೇಲ್ ಯಾದಿ ಕೊಡುತ್ತೇವೆ ಎಂದು ಮಾರುವವರು ಇದ್ದಾರೆ. ಅದು ಹೊಲಕ್ಕೆ ಕಸದ ಬೀಜ ಕೊಂಡು ಬಿತ್ತಿದಂತೆ. ಎಷ್ಟು ಅಗ್ಗ ಇದ್ದರೂ ಬೇಡ.

ನಾವು ಮಾಡುವುದು ಹೀಗೆ. ಸಂತೆ, ಮೇಳಗಳಲ್ಲಿ ಒಂದು ವಹಿ ಇಡುತ್ತೇವೆ. ತಿಂಗಳಿಗೊಂದು ಪತ್ರ ಬರುತ್ತದೆ, ಬೇಕಿದ್ದರೆ ವಿಳಾಸ ಬರೆಯಿರಿ ಎಂದು ಬಾಯಿಬಿಟ್ಟು ಹೇಳುತ್ತೇವೆ. ಮನೆಗೆ ಬಂದ ಮೇಲೆ ಒಂದೇ ಒಂದು ಪತ್ರ ಹೋಗುತ್ತದೆ: 'ನಮ್ಮ ಪತ್ರ ಬೇಕೆಂದು ಬರೆದಿದ್ದೀರಿ, ಹೌದಾದರೆ ಇಲ್ಲಿ ಒತ್ತಿರಿ.' ಒತ್ತಿದವರ ಹೆಸರು ಯಾದಿಗೆ ಏರುತ್ತದೆ. ಒತ್ತದವರನ್ನು ಬಿಡುತ್ತೇವೆ. ಇದರಿಂದ ಗಡಿಬಿಡಿಯಲ್ಲಿ ತಪ್ಪು ಬರೆದ ವಿಳಾಸಗಳೂ ಮೊದಲೇ ಸೋಸಿಹೋಗುತ್ತವೆ. ಯಾದಿ ಸಣ್ಣದಾಗುತ್ತದೆ, ಆಗಲಿ. ಆರ್ಡರು ಬರೋದು ಅವರಿಂದಲೇ.

2023ರಲ್ಲಿ ಬಂದ ಕೇಂದ್ರದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಪ್ಪಿಗೆಯ ಮಾತನ್ನೇ ಹೇಳುತ್ತದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು ಎಂಬುದು ಅದರಲ್ಲಿದೆ.

ಹೋಗುವವರಿಗೆ ಬಾಗಿಲು

ಪತ್ರದ ಕೊನೆಗೆ 'ಇನ್ನು ಪತ್ರ ಬೇಡ' ಎಂಬ ಗುಂಡಿ ಎದ್ದು ಕಾಣಬೇಕು. ಒಮ್ಮೆ ಒತ್ತಿದರೆ ಮುಗಿಯಬೇಕು. ಯಾಕೆ ಬೇಡ, ಯಾರು ನೀವು ಎಂದು ಕೇಳುತ್ತ ಕೂಡ್ರಬಾರದು. ದೊಡ್ಡ ಸಂಖ್ಯೆಯಲ್ಲಿ ಕಳಿಸುವವರು ಎರಡು ದಿನದೊಳಗೆ ಹೆಸರು ತೆಗೆಯಬೇಕೆಂದು ಗೂಗಲ್ ನಿಯಮವಿದೆ. ಗಿರಾಕಿ ಹೋಗುತ್ತಾನೆಂದು ಕೆಲವರು ಈ ಗುಂಡಿ ಮುಚ್ಚಿಡುತ್ತಾರೆ. ಬಾಗಿಲು ಸಿಗದವನು ಏನು ಮಾಡುತ್ತಾನೆ? ಮೇಲಿರುವ ಸ್ಪ್ಯಾಮ್ ಗುಂಡಿ ಒತ್ತುತ್ತಾನೆ. ಸುಮ್ಮನೆ ಹೋದರೆ ಒಬ್ಬ ಗಿರಾಕಿ ಹೋದ ಹಂಗ. ಸ್ಪ್ಯಾಮ್ ಒತ್ತಿ ಹೋದರೆ ಉಳಿದವರಿಗೂ ಅಡ್ಡಿ.

ವಾಪಸು ಬಂದ ಪತ್ರಗಳನ್ನೂ ನೋಡುತ್ತಿರಬೇಕು. ಇಲ್ಲದ ವಿಳಾಸಕ್ಕೆ ಮತ್ತೆ ಮತ್ತೆ ಕಳಿಸುವವರನ್ನು ಜರಡಿ ನಂಬುವುದಿಲ್ಲ. ಆರು ತಿಂಗಳಿಂದ ಒಂದೂ ಪತ್ರ ತೆರೆಯದವರಿಗೆ ನಾವು ಒಮ್ಮೆ ಕೇಳುತ್ತೇವೆ. ಉತ್ತರ ಬಾರದಿದ್ದರೆ ಹೆಸರು ಹೊಡೆದು ಹಾಕುತ್ತೇವೆ.

ಹೊಸ ಎತ್ತಿಗೆ ಒಮ್ಮೆಲೇ ಭಾರ ಬೇಡ

ಹೊಸದಾಗಿ ಹೆಸರು ಕೊಂಡವರು ಮೊದಲ ದಿನವೇ ಎಲ್ಲರಿಗೂ ಕಳಿಸಬಾರದು. ಎಂದೂ ಕಾಣದ ಹೆಸರಿನಿಂದ ಒಮ್ಮೆಲೇ ರಾಶಿ ಪತ್ರ ಬಂದರೆ ಜರಡಿಗೆ ಸಂಶಯ. ಖಾಯಂ ಕೊಳ್ಳುವ 25-30 ಜನಕ್ಕೆ ಮೊದಲು, ಮುಂದಿನ ವಾರ ಅದರ ಎರಡರಷ್ಟು, ಹೀಗೆ ಏರಿಸುತ್ತ ಹೋಗಬೇಕು. ಅದಕ್ಕೇ ರಾಶಿ ಆದ ಮೇಲೆ ಈ ಕೆಲಸ ಹಿಡಿದರೆ ತಡ. ಜೋಳ ಬಿತ್ತುವಾಗಲೇ ಪತ್ರ ಶುರುವಾಗಬೇಕು. ಮಳೆ ಎಷ್ಟಾಯಿತು, ಬಿತ್ತಿಗೆ ಯಾವಾಗ, ತೆನೆ ಹೇಗೆ ಬಂದಿದೆ ಎಂದು ತಿಂಗಳಿಗೊಮ್ಮೆ ನಾಲ್ಕು ಸಾಲು. ವರ್ಷಕ್ಕೊಮ್ಮೆ ಮಾರುವಾಗ ಮಾತ್ರ ಬರೆದರೆ ಗಿರಾಕಿಗೆ ನಮ್ಮ ನೆನಪೇ ಇರುವುದಿಲ್ಲ.

ಪತ್ರದ ಒಳಗೆ

- ವಿಷಯದ ಸಾಲು ನೆಟ್ಟಗಿರಲಿ. 'ಹೊಸ ಬಿಳಿಜೋಳ ಬಂದಿದೆ, ಕಿಲೋ ದರ ಒಳಗಿದೆ' ಎಂದರೆ ಸಾಕು. 'ಈಗಲೇ ಒತ್ತಿ, ಭಾರಿ ಬಹುಮಾನ' ಎಂಬುದು ಕಳ್ಳರ ಭಾಷೆ.
- ಇಡೀ ಪತ್ರವನ್ನು ಒಂದೇ ಚಿತ್ರವಾಗಿ ಮಾಡಿ ಕಳಿಸಬೇಡಿ. ಅಕ್ಷರ ಇರಲಿ, ಜೊತೆಗೆ ಒಂದೆರಡು ಫೋಟೋ. ದೊಡ್ಡ ಫೈಲು ಅಂಟಿಸಬೇಡಿ. ಮೊಟಕು ಮಾಡಿದ ಲಿಂಕು ಬೇಡ, ಪೂರ್ತಿ ವಿಳಾಸ ಹಾಕಿ.
- ಕನ್ನಡವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿಸಿ. ನುಡಿ, ಬರಹದ ಹಳೆಯ ಅಕ್ಷರದಲ್ಲಿ ಬರೆದು ಅಂಟಿಸಿದರೆ ಗಿರಾಕಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅಂಥದ್ದನ್ನು ಕಂಡು ಯಾರಾದರೂ ಸ್ಪ್ಯಾಮ್ ಒತ್ತಿದರೆ ಅವರ ತಪ್ಪಲ್ಲ.
- ನಮ್ಮದು ಗಡಿ ಸೀಮೆ. ಗಿರಾಕಿಯಲ್ಲಿ ಮರಾಠಿಯವರೂ ಇದ್ದಾರೆ. ವಹಿಯಲ್ಲಿ ವಿಳಾಸದ ಮುಂದೆ 'ಕ' ಅಥವಾ 'ಮ' ಎಂದು ಗುರುತು ಮಾಡಿ, ಸಾಂಗಲಿ, ಪುಣೆಯವರಿಗೆ ಮರಾಠಿಯಲ್ಲೇ ಬರೆಯುತ್ತೇವೆ. ಓದಲು ಬಂದರೆ ತೆರೆದು ನೋಡುತ್ತಾರೆ.
- ಕೊನೆಗೆ ಗುಂಪಿನ ಹೆಸರು, ಊರು, ಫೋನು ಇರಲಿ.

ಗಿರಾಕಿ ಮಾಡಬೇಕಾದ ಸಹಾಯ

ಗಿರಾಕಿಗೂ ಒಂದು ಮಾತು ಹೇಳಿಡಬೇಕು. ಮೊದಲ ಪತ್ರ ಸ್ಪ್ಯಾಮಿನಲ್ಲಿ ಕಂಡರೆ ಅದನ್ನು ತೆರೆದು 'ಸ್ಪ್ಯಾಮ್ ಅಲ್ಲ' ಎಂದು ಒತ್ತಲಿ. ನಮ್ಮ ವಿಳಾಸವನ್ನು ಫೋನಿನಲ್ಲಿ ಉಳಿಸಿಕೊಳ್ಳಲಿ. ಒಂದು ಸಾಲು ಉತ್ತರ ಬರೆಯಲಿ. ಉತ್ತರ ಬರಲಿ ಎಂದೇ ನಾವು ಪತ್ರದಲ್ಲಿ ಏನಾದರೂ ಕೇಳುತ್ತೇವೆ: ನಿಮ್ಮ ಮನೆಯಲ್ಲಿ ರೊಟ್ಟಿ ಹೇಗಾಯಿತು, ಹಿಟ್ಟಿಗೆ ಜಿಗಿ ಇತ್ತೇ? ಬಂದ ಉತ್ತರಗಳಿಂದ ನಮಗೂ ಜೋಳದ ಗುಣ ತಿಳಿಯುತ್ತದೆ. ಜಿಮೇಲಿನ 'ಪ್ರೊಮೋಷನ್ಸ್' ಎಂಬ ಕಟ್ಟಿಗೆ ಬಿದ್ದರೆ ಗಾಬರಿ ಬೇಡ, ಅದು ಸ್ಪ್ಯಾಮ್ ಅಲ್ಲ. ಗಿರಾಕಿ ಅದನ್ನು 'ಪ್ರೈಮರಿ'ಗೆ ಎಳೆದು ಹಾಕಬಹುದು.

ವಾಟ್ಸಾಪಿನಲ್ಲೂ ಇಂಥದೇ ಕಟ್ಟು ಇದೆ. ಬ್ರಾಡ್‌ಕಾಸ್ಟ್ ಯಾದಿಯಿಂದ ಕಳಿಸಿದ್ದು, ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಅದಕ್ಕೇ ಜೋಳದ ಚೀಲದ ಚೀಟಿಯ ಮೇಲೆ ಫೋನು, ಇ-ಮೇಲ್ ಎರಡನ್ನೂ ಅಚ್ಚು ಹಾಕಿಸಿದ್ದೇವೆ.

ಈಗ ಯಾರಾದರೂ ಶುರು ಮಾಡುವವರಿದ್ದರೆ ಈ ಸರದಿಯಲ್ಲಿ ಮಾಡ್ರಿ: ಮೊದಲು ಸ್ವಂತ ಹೆಸರು, ಆಮೇಲೆ ಮೂರು ದಾಖಲೆ, 'ಪಾಸ್' ನೋಡುವುದು, ಒಪ್ಪಿದವರ ಯಾದಿ, 'ಬೇಡ' ಗುಂಡಿ, ಕಡೆಗೆ ಪತ್ರ. ಹಿಂಗಾರಿ ಬಿತ್ತಿಗೆಗೆ ಮುಂಚೆ ಇಷ್ಟು ಮುಗಿಸಿದರೆ ರಾಶಿಯ ಹೊತ್ತಿಗೆ ಹೆಸರು ಕುದುರಿರುತ್ತದೆ. ಬೇರೆ ತಾಲೂಕಿನ ಗುಂಪುಗಳು ಇದನ್ನು ಬೇರೆ ರೀತಿ ಮಾಡುತ್ತಿದ್ದರೆ ಪತ್ರಿಕೆಗೆ ಬರೆದು ತಿಳಿಸಲಿ, ನಮಗೂ ಬೇಕಾಗೈತಿ.