ಟಿಕೆಟ್ ಕೊಳ್ಳಬಲ್ಲವರಿಗಷ್ಟೇ ಮತವೇ?

ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವ ಭಟ್ಕಳ, ಉಡುಪಿ, ಮಂಗಳೂರಿನ ಸಾವಿರಾರು ಜನರ ಹಕ್ಕೊಂದು ಕಾಗದದಲ್ಲೇ ಉಳಿದಿದೆ. 2010ರಲ್ಲಿ ಜನಪ್ರತಿನಿಧಿ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರು ನಮೂನೆ 6ಎ ತುಂಬಿ, ಪಾಸ್‌ಪೋರ್ಟ್‌ನಲ್ಲಿರುವ ವಿಳಾಸದ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಮತ ಹಾಕಲು ಅಸಲು ಪಾಸ್‌ಪೋರ್ಟ್ ಹಿಡಿದು ಆ ಊರಿನ ಮತಗಟ್ಟೆಗೇ ಬರಬೇಕು. ಅಂಚೆ ಮತ ಅವರಿಗಿಲ್ಲ. ಫಲಿತಾಂಶ ಕಣ್ಣೆದುರಿಗಿದೆ. ಕೋಟಿಗೂ ಮೀರಿದ ಅನಿವಾಸಿಗಳಲ್ಲಿ 2024ರ ಲೋಕಸಭಾ ಚುನಾವಣೆಗೆ ನೋಂದಾಯಿಸಿದವರು 1,19,374 ಮಂದಿ, ಮತ ಹಾಕಿದವರು ಬರೀ 2,958. ಅವರಲ್ಲೂ 2,670 ಮಂದಿ ಕೇರಳದವರು. ಇದನ್ನು ಅನಿವಾಸಿಗಳ ನಿರಾಸಕ್ತಿ ಎಂದು ತಳ್ಳಿಹಾಕುವುದು ಅನ್ಯಾಯ. ಕೂಲಿಯಾಳಿಗೆ ಚುನಾವಣೆಯ ದಿನ ನೋಡಿ ಮಾಲೀಕ ರಜೆ ಕೊಡುವುದಿಲ್ಲ. ಒಂದು ಮತಕ್ಕಾಗಿ ತಿಂಗಳ ದುಡಿಮೆಯನ್ನು ಟಿಕೆಟ್ಟಿಗೆ ಸುರಿಯಲೂ ಆಗುವುದಿಲ್ಲ.

ದೂರದಿಂದ ಮತ ಪಡೆಯುವ ವ್ಯವಸ್ಥೆಯೇ ನಮ್ಮಲ್ಲಿಲ್ಲ ಎನ್ನುವಂತಿಲ್ಲ. 2016ರ ನಿಯಮ ತಿದ್ದುಪಡಿಯ ನಂತರ ಸೈನಿಕರಿಗೂ ವಿದೇಶದ ರಾಯಭಾರ ಕಚೇರಿಗಳ ನಮ್ಮ ಸಿಬ್ಬಂದಿಗೂ ಮತಪತ್ರ ಅಂತರ್ಜಾಲದಲ್ಲೇ ಹೋಗುತ್ತದೆ. ಅವರು ಅದನ್ನು ಮುದ್ರಿಸಿ, ಗುರುತು ಹಾಕಿ, ದೃಢೀಕರಿಸಿದ ಘೋಷಣೆಯೊಂದಿಗೆ ಅಂಚೆಯಲ್ಲಿ ಕಳಿಸುತ್ತಾರೆ. 2019ರಲ್ಲಿ ಹೀಗೆ ನೋಂದಾಯಿತರಾಗಿದ್ದ ಸುಮಾರು 18 ಲಕ್ಷ ಮತದಾರರಲ್ಲಿ ಶೇ 60ರಷ್ಟು ಮಂದಿಯ ಮತಪತ್ರ ಮರಳಿ ಬಂತು. ಅಂದರೆ ಒಂದೇ ನಗರದಲ್ಲಿ ರಾಯಭಾರ ಕಚೇರಿಯ ಗುಮಾಸ್ತ ಕುಳಿತಲ್ಲಿಂದಲೇ ಮತ ಹಾಕುತ್ತಾನೆ, ಪಕ್ಕದ ಬೀದಿಯಲ್ಲಿ ಕಟ್ಟಡ ಕಟ್ಟುವವನು ಹಾಕಲಾರ. ಈ ಸೌಲಭ್ಯವನ್ನು ಅನಿವಾಸಿಗಳಿಗೂ ವಿಸ್ತರಿಸಲು ತಾನು ಸಿದ್ಧ ಎಂದು ಚುನಾವಣಾ ಆಯೋಗವೇ 2020ರಲ್ಲಿ ಕಾನೂನು ಸಚಿವಾಲಯಕ್ಕೆ ತಿಳಿಸಿತ್ತು.

ದೇಶ ಬಿಟ್ಟವರಿಗೆ ಇಲ್ಲಿನ ಸರ್ಕಾರ ಆರಿಸುವ ಅಧಿಕಾರ ಯಾಕೆ ಎಂಬ ಆಕ್ಷೇಪವಿದೆ. ಕೊಲ್ಲಿಗೆ ಹೋದವರ ಮಟ್ಟಿಗೆ ಅದು ನಿಲ್ಲುವುದಿಲ್ಲ. ಅಲ್ಲಿ ಎಷ್ಟು ವರ್ಷ ದುಡಿದರೂ ಪೌರತ್ವ ಸಿಗುವುದು ಅಪರೂಪ. ಹೆಂಡತಿ ಮಕ್ಕಳು ಇರುವುದು, ಕೊನೆಗೆ ಮರಳುವುದು ಇಲ್ಲಿಗೇ. ಜಯನಗರದಲ್ಲಿ 2023ರ ವಿಧಾನಸಭಾ ಚುನಾವಣೆ ತೀರ್ಮಾನವಾದದ್ದು 16 ಮತಗಳಲ್ಲಿ, ಹೊರಗಿನವರು ಫಲಿತಾಂಶ ತಿರುಗಿಸಿದರೆ ಎಂಬ ಅಳುಕೂ ಕೇಳಿಬರಬಹುದು. ಅಷ್ಟು ಬೆಲೆಬಾಳುವ ಮತವನ್ನು ಅರ್ಹ ನಾಗರಿಕನಿಂದ ದೂರವಿಡಲು ಅದೇ ಕಾರಣವಾಗಬಾರದು.

ಗೋಪ್ಯತೆಯ ಪ್ರಶ್ನೆ ಇದಕ್ಕಿಂತ ಗಟ್ಟಿ. ಕಾರ್ಮಿಕರ ಶಿಬಿರದಲ್ಲಿ ಹತ್ತು ಜನರ ನಡುವೆ ಮತಪತ್ರ ತುಂಬಿದರೆ ಒತ್ತಡ, ಆಮಿಷ ಎರಡೂ ಸಾಧ್ಯ. 2018ರಲ್ಲಿ ಲೋಕಸಭೆ ಒಪ್ಪಿದ್ದ ಮಸೂದೆ ಊರಿನಲ್ಲಿರುವ ಇನ್ನೊಬ್ಬರಿಂದ ಮತ ಹಾಕಿಸಲು ಅವಕಾಶ ಕೊಡುತ್ತಿತ್ತು. ಅದರಲ್ಲಂತೂ ಗೋಪ್ಯತೆಯೇ ಇರಲಿಲ್ಲ. ಲೋಕಸಭೆಯ ಅವಧಿ ಮುಗಿದು ಅದು ಬಿದ್ದುಹೋದದ್ದು ಒಳ್ಳೆಯದೇ ಆಯಿತು. ರಾಯಭಾರ ಕಚೇರಿ ಮತ್ತು ಕಾನ್ಸುಲೇಟ್‌ಗಳಲ್ಲೇ ಮರೆಯಿಟ್ಟು ಮತಪತ್ರ ತುಂಬಿಸಿಕೊಳ್ಳುವುದು ಸರಿಯಾದ ದಾರಿ. ಫಿಲಿಪ್ಪೀನ್ಸ್ 2003ರಲ್ಲೇ ಕಾನೂನು ಮಾಡಿ ಹೊರನಾಡಿನ ತನ್ನ ಕಾರ್ಮಿಕರಿಗೆ ಮತದಾನದ ಅವಕಾಶ ಕೊಟ್ಟಿದೆ. ಸಮಯದ ತೊಡಕಿಗೂ ಇದೇ ಪರಿಹಾರ. 2023ರ ಕರ್ನಾಟಕ ಚುನಾವಣೆಯಲ್ಲಿ ನಾಮಪತ್ರ ಹಿಂಪಡೆಯುವ ಕೊನೆಯ ದಿನ ಏಪ್ರಿಲ್ 24, ಎಣಿಕೆ ಮೇ 13. ನಡುವಿನ 19 ದಿನಗಳಲ್ಲಿ ಪರದೇಶದ ಅಂಚೆಯನ್ನು ನೆಚ್ಚಿಕೊಳ್ಳುವುದು ಕಷ್ಟ. ಕಾನ್ಸುಲೇಟ್‌ನಲ್ಲಿ ಸಂಗ್ರಹಿಸಿದ ಮುಚ್ಚಿದ ಲಕೋಟೆಗಳನ್ನು ರಾಜತಾಂತ್ರಿಕ ಚೀಲದಲ್ಲಿ ಒಟ್ಟಿಗೆ ತರಿಸುವುದು ಕಷ್ಟವಲ್ಲ.